ಸೀರೆ ವಾಪಸ್ ಬಂತಾ? ರಿಟರ್ನ್ ತಗೊಂಡೂ ಅಂಗಡಿ ಉಳಿಸ್ಕೊಳ್ಳೋದು ಹೇಗೆ

ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ ಮುಗೀತು ಅಂದ್ರೆ ಸೋಮವಾರ ಬೆಳಗ್ಗೆ ನಾನು ಶಟರ್ ಎತ್ತೋ ಹೊತ್ತಿಗೇ ಯಾರಾದ್ರೂ ಒಬ್ರು ಕವರ್ ಹಿಡ್ಕೊಂಡು ನಿಂತಿರ್ತಾರೆ. "ಕಲರ್ ಯಾಕೋ ಇಷ್ಟ ಆಗ್ಲಿಲ್ಲಣ್ಣ, ಮಡಿಕೆನೂ ಬಿಚ್ಚಿಲ್ಲ ನೋಡಿ." ಬಿಚ್ಚಿ ನೋಡಿದ್ರೆ ನೆರಿಗೆ ಹತ್ರ ಸಾಲಾಗಿ ಪಿನ್ ತೂತು, ಅಂಚಲ್ಲಿ ಚಿಟಿಕೆ ಅರಿಶಿನ, ಮೂಗಿಗೆ ಸಾಂಬ್ರಾಣಿ ಘಮ. ಉಟ್ಟಿದ್ದು ಅವರಲ್ಲ, ಕಳಶದ ಮೇಲೆ ಕೂತಿದ್ದ ಲಕ್ಷ್ಮಿ! ಈಗ ದೇವರಿಗೆ ಉಡಿಸಿದ ಸೀರೆ ಬಗ್ಗೆ ಜಗಳ ಮಾಡೋದಾದ್ರೂ ಹೇಗೆ, ಅದೂ ಬೆಳಗಿನ ಮೊದಲ ಬೋಣಿ ಟೈಮಲ್ಲಿ.

ದಾವಣಗೆರೆಲಿ ನಂದು ಬಟ್ಟೆ ಅಂಗಡಿ, ಕೊರೋನಾ ಆದ್ಮೇಲೆ ವಾಟ್ಸಾಪ್, ಇನ್‌ಸ್ಟಾದಲ್ಲೂ ಮಾರ್ತೀವಿ. ಮೊದಲು ಅಪ್ಪನ ಕಾಲದ ಬೋರ್ಡ್ ಇತ್ತು, "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ. ಆಮೇಲೆ ದೊಡ್ಡ ಆಪ್‌ಗಳನ್ನ ನೋಡಿ ನಾನೂ ಹುರುಪಲ್ಲಿ "ಯಾವಾಗ ಬೇಕಾದ್ರೂ ವಾಪಸ್ ಕೊಡಿ" ಅಂತ ಹಾಕಿ ಒಂದು ಸೀಸನ್ನಲ್ಲಿ ಚೆನ್ನಾಗಿ ಕೈ ಸುಟ್ಕೊಂಡೆ. ಈಗ ಎರಡರ ಮಧ್ಯ ಒಂದು ದಾರಿ ಸಿಕ್ಕಿದೆ. ಹೊಸದಾಗಿ ಆನ್‌ಲೈನ್ ಶುರು ಮಾಡಿರೋ ಅಕ್ಕ ತಂಗಿಯರು ತುಂಬಾ ಜನ ಕೇಳ್ತಿರ್ತಾರೆ ಅಂತ ಬರೀತಿದೀನಿ.

ಮೊದಲು ಆ ಬೋರ್ಡ್ ಇಳಿಸಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47) ಪ್ರಕಾರ ಡಿಫೆಕ್ಟ್ ಇರೋ ಮಾಲನ್ನ ಬಿಲ್ಲಲ್ಲಿ ಬರೆದಿರೋ ಅವಧಿಯೊಳಗೆ ವಾಪಸ್ ತಗೊಂಡು ದುಡ್ಡು ಕೊಡಲ್ಲ ಅಂದ್ರೆ ಅದು ಅನುಚಿತ ವ್ಯಾಪಾರ, ಬಿಲ್ಲಲ್ಲಿ ಅವಧಿನೇ ಬರೆದಿಲ್ಲ ಅಂದ್ರೆ 30 ದಿನ ಅಂತ ಲೆಕ್ಕ. ಗಿರಾಕಿ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ರೆ ನಿಮ್ಮ ಬೋರ್ಡ್ ನಿಮ್ಮನ್ನ ಕಾಪಾಡಲ್ಲ. ಆದ್ರೆ ಗಮನಿಸಿ, ಇದು ಡಿಫೆಕ್ಟ್ ಮಾಲಿನ ಮಾತು. ಚೆನ್ನಾಗಿರೋ ಸೀರೆ "ಅತ್ತೆಗೆ ಇಷ್ಟ ಆಗ್ಲಿಲ್ಲ" ಅಂತ ಬಂದ್ರೆ ತಗೋಬೇಕೋ ಬೇಡ್ವೋ ಅನ್ನೋದು ನೀವು ಬಿಲ್ಲಲ್ಲಿ ಏನು ಬರೆದು ಕೊಟ್ಟಿದೀರಾ ಅನ್ನೋದ್ರ ಮೇಲೆ. ಈ ಎರಡನ್ನ ತಲೇಲಿ ಬೇರೆ ಬೇರೆ ಇಟ್ಕೊಳ್ಳಿ, ಡ್ಯಾಮೇಜ್ ಬಂದಾಗ ಯಾವತ್ತೂ ವಾದ ಮಾಡಬೇಡಿ.

ಆಮೇಲೆ ಒಂದು ರಿಟರ್ನ್ ನಿಮಗೆ ಎಷ್ಟು ತಿನ್ನುತ್ತೆ ಅಂತ ಕೂತು ಲೆಕ್ಕ ಹಾಕಿ. ಇದನ್ನ ಯಾರೂ ಮಾಡಲ್ಲ. ಒಂದು ಉದಾಹರಣೆ ತಗೊಳ್ಳೋಣ, 600ಕ್ಕೆ ತಂದ ಸೀರೆ 900ಕ್ಕೆ ಕೊಟ್ರಿ. ಹೋಗೋ ಕೊರಿಯರ್ 70, ಬರೋದು 80, ಪ್ಯಾಕಿಂಗ್ 15, ಮತ್ತೆ ಐರನ್ ಮಾಡಿ ಮಡಚೋಕೆ 20, ಅಲ್ಲಿಗೆ 185 ಆಯ್ತು. ವಾಪಸ್ ಬಂದ ನಾಲ್ಕರಲ್ಲಿ ಒಂದು ಪೂರ್ತಿ ರೇಟಿಗೆ ಹೋಗಲ್ಲ, 300 ಇಳಿಸಿ ಮಾರಬೇಕು ಅಂದ್ರೆ ತಲಾ 75 ಸೇರಿಸಿ. ಒಟ್ಟು 260. ನೂರು ಪಾರ್ಸೆಲ್ ಕಳಿಸಿ ಹತ್ತು ವಾಪಸ್ ಬಂದ್ರೆ 2,600 ರೂಪಾಯಿ, ಅದನ್ನ ಇಟ್ಕೊಂಡ 90 ಜನರ ಮೇಲೆ ಹಂಚಿದ್ರೆ ಒಬ್ಬೊಬ್ಬರ ಮೇಲೆ ಹೆಚ್ಚುಕಮ್ಮಿ 29 ರೂಪಾಯಿ. ಇಷ್ಟೇ ಗುಟ್ಟು. ದೊಡ್ಡ ಅಂಗಡಿಗಳು ಧಾರಾಳವಾಗಿ ರಿಟರ್ನ್ ತಗೊಳ್ಳೋದು ಮಹಾ ದಾನಿಗಳು ಅಂತಲ್ಲ, ಆ 29 ರೂಪಾಯಿ ಮೊದಲೇ ರೇಟಲ್ಲಿ ಸೇರಿರುತ್ತೆ. ವಾಪಸ್ ಕೊಡದೇ ಇರೋ ಸಾಧು ಗಿರಾಕಿನೇ ಕೊಡೋರ ಖರ್ಚು ಹೊರ್ತಿರ್ತಾರೆ. ಆದ್ರಿಂದ ನಾಲ್ಕು ಜನರ ಆಟ ನೀವು ಸಹಿಸ್ಕೊಂಡ್ರೆ ಅದು ನಿಮ್ಮ ಒಳ್ಳೇತನ ಅಲ್ಲ, ಉಳಿದೋರ ಜೇಬಿಂದ ತೆಗೆದು ಕೊಡ್ತಿದೀರಾ ಅಷ್ಟೇ.

ಇದು ಎಷ್ಟು ದೂರ ಹೋಗಬಹುದು ಅನ್ನೋಕೆ ಅಮೆರಿಕಾದ ಎಲ್.ಎಲ್. ಬೀನ್ ಕಥೆ ನಂಗೆ ಭಾಳ ಇಷ್ಟ. 1912ರಲ್ಲಿ ಮೇನ್ ರಾಜ್ಯದಲ್ಲಿ ಬೀನ್ ಅನ್ನೋರು ಬೇಟೆಗಾರರಿಗೆ ಅಂತ ಮೇಲೆ ಚರ್ಮ ಕೆಳಗೆ ರಬ್ಬರ್ ಇರೋ ಬೂಟು ಮಾಡಿ ಮಾರಿದ್ರು, ಮೊದಲ 100 ಜೊತೆಯಲ್ಲಿ 90 ಹೊಲಿಗೆ ಬಿಟ್ಟು ವಾಪಸ್ ಬಂದ್ವು. ಮನುಷ್ಯ ಎಲ್ಲರಿಗೂ ದುಡ್ಡು ವಾಪಸ್ ಕೊಟ್ಟು, ಬೂಟು ಸರಿ ಮಾಡಿ ಮತ್ತೆ ಮಾರಿದ್ರು. ಆ ನಂಬಿಕೆ ಮೇಲೇ ಕಂಪನಿ ನೂರು ವರ್ಷ ಬೆಳೀತು, ಯಾವಾಗ ಬೇಕಾದ್ರೂ ವಾಪಸ್ ಕೊಡಬಹುದು ಅನ್ನೋ ಮಾತು ಉಳೀತು. ಆಮೇಲೆ ಏನಾಯ್ತು, ಜನ ಹಳೇ ಸಾಮಾನು ಮಾರೋ ಕಡೆ ಹೋಗಿ ಸವೆದ ಬೂಟು ಚಿಲ್ಲರೆ ದುಡ್ಡಿಗೆ ಕೊಂಡು ತಂದು ಅಂಗಡಿಗೆ ವಾಪಸ್ ಕೊಡೋಕೆ ಶುರು ಮಾಡಿದ್ರು! ಬಿಸಾಡೋಕಷ್ಟೇ ಲಾಯಕ್ಕಾದ ರಿಟರ್ನ್ ಮಾಲಿಂದ ಐದು ವರ್ಷದಲ್ಲಿ 25 ಕೋಟಿ ಡಾಲರ್ ಹೋಯ್ತು ಅಂತ ಕಂಪನಿನೇ ಹೇಳ್ತು, 2018ರ ಫೆಬ್ರವರಿಲಿ ಆ ಪಾಲಿಸಿ ನಿಲ್ಲಿಸಿ ರಸೀತಿ ಸಮೇತ ಒಂದು ವರ್ಷ ಅಂತ ಮಾಡಿದ್ರು. ಆರ್‌ಇಐ ಅನ್ನೋ ಟ್ರೆಕ್ಕಿಂಗ್ ಸಾಮಾನಿನ ಸಹಕಾರಿ ಅಂಗಡಿ ಇದಕ್ಕೂ ಮೊದಲು 2013ರಲ್ಲೇ ಒಂದು ವರ್ಷಕ್ಕೆ ಇಳಿಸಿತ್ತು, ಅದನ್ನ ಜನ ತಮಾಷೆಗೆ "ಬಾಡಿಗೆ ಸಾಮಾನು ಅಂಗಡಿ" ಅಂತ ಕರೀತಿದ್ರು.

ಕಾಸ್ಟ್ಕೋ ಅನ್ನೋ ಅಲ್ಲಿನ ದೊಡ್ಡ ಅಂಗಡಿ ಮಾತ್ರ ಇನ್ನೂ ನಡೆಸ್ತಾ ಇದೆ. ಅಮೆರಿಕಾದಲ್ಲಿರೋ ನಮ್ಮೋರ ಮನೆಗೆ ಹೋದೋರಿಗೆಲ್ಲ ಗೊತ್ತಿರುತ್ತೆ, ನಮ್ಮ ದೂರದ ಸಂಬಂಧಿಯೊಬ್ರು ಅಪ್ಪ ಅಮ್ಮ ಬಂದಾಗ ಹಾಸಿಗೆ ತಂದು, ಅವರು ಆರು ತಿಂಗಳಿದ್ದು ಊರಿಗೆ ಹೊರಟ ವಾರದಲ್ಲೇ ವಾಪಸ್ ಕೊಟ್ರಂತೆ, ಹೇಳ್ಕೊಂಡು ನಗ್ತಿದ್ರು. ಅಂಥವರಿದ್ರೂ ಅದು ಹೇಗೆ ನಡೆಯುತ್ತೆ ಅಂದ್ರೆ ಅಲ್ಲಿ ಕಾರ್ಡ್ ಇಲ್ಲದೆ ಖರೀದಿನೇ ಇಲ್ಲ, ವರ್ಷಕ್ಕೆ 65 ಡಾಲರ್ ಫೀಸು, ಕಂಪನಿ ಲಾಭದ ದೊಡ್ಡ ಪಾಲು ಬರೋದೇ ಆ ಫೀಸಿಂದ. ಯಾರು ಏನು ತಗೊಂಡ್ರು ಏನು ವಾಪಸ್ ಕೊಟ್ರು ಅನ್ನೋದು ಕಾರ್ಡಲ್ಲಿ ಕೂತಿರುತ್ತೆ, ಅತಿ ಆದ್ರೆ ಮೆಂಬರ್‌ಶಿಪ್ಪೇ ಕಿತ್ಕೋತಾರೆ. ಜೊತೆಗೆ ಟಿವಿ, ಕಂಪ್ಯೂಟರ್ ಥರದ್ದಕ್ಕೆ 2007ರಲ್ಲೇ 90 ದಿನ ಅಂತ ಗೆರೆ ಎಳೆದ್ರು. ಎಲ್ಲಾ ಮಾಲಿಗೂ ಬಾಗಿಲು ಹಾಕ್ಲಿಲ್ಲ, ಎಲ್ಲಿ ಸೋರ್ತಿತ್ತೋ ಅಲ್ಲಿ ಮಾತ್ರ. ನಮ್ಮಂಥವರು ಕಲೀಬೇಕಾಗಿರೋದು ಇದನ್ನೇ.

ಸರಿ, ನಮ್ಮ ಅಂಗಡಿಗೆ ಬರೋಣ. ಟೈಮ್ ಜಾಸ್ತಿ ಕೊಡಿ, ಇದು ಕೇಳೋಕೆ ಉಲ್ಟಾ ಅನ್ಸುತ್ತೆ. ನಾನು ಮೊದಲು ಮೂರು ದಿನ ಅಂತ ಇಟ್ಟಿದ್ದೆ, ಜನ ಗಡಿಬಿಡಿಲಿ ಅನುಮಾನ ಬಂದ ತಕ್ಷಣ ತಂದು ಕೊಡ್ತಿದ್ರು, ಎಲ್ಲಿ ಟೈಮ್ ಮುಗಿಯುತ್ತೋ ಅಂತ. 15 ದಿನ ಮಾಡಿದ್ಮೇಲೆ ಸೀರೆ ಬೀರುಲಿ ಕೂತುಬಿಡುತ್ತೆ, ಫಾಲು ಜಿಗ್‌ಜಾಗ್ ಆಗುತ್ತೆ, ಬ್ಲೌಸ್ ಪೀಸ್ ಕತ್ತರಿಸಿ ಟೈಲರ್ ಹತ್ರ ಹೋಗುತ್ತೆ, ಅಲ್ಲಿಗೆ ಅದು ಅವರದ್ದಾಯ್ತು. 2016ರಲ್ಲಿ ಟೆಕ್ಸಾಸಿನ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗಲೂ ಇದೇ ಕಂಡಿತ್ತು, ಅವಧಿ ಉದ್ದ ಕೊಟ್ರೆ ರಿಟರ್ನ್ ಕಮ್ಮಿ ಆಗುತ್ತೆ ಅಂತ. ಗಟ್ಟಿ ಇರಬೇಕಾಗಿದ್ದು ದಿನ ಅಲ್ಲ, ಮಾಲಿನ ಸ್ಥಿತಿ.

ಅದಕ್ಕೆ ಟ್ಯಾಗ್. ಬ್ಲೂಮಿಂಗ್‌ಡೇಲ್ಸ್ ಅನ್ನೋ ನ್ಯೂಯಾರ್ಕಿನ ಅಂಗಡಿಯವರು 2013ರಲ್ಲಿ 150 ಡಾಲರ್ ಮೇಲಿನ ಡ್ರೆಸ್‌ಗಳಿಗೆ ಮೂರಿಂಚಿನ ಕಪ್ಪು ಪ್ಲಾಸ್ಟಿಕ್ ಟ್ಯಾಗನ್ನ ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕಿದ್ರು, ಮನೇಲಿ ಹಾಕಿ ನೋಡಬಹುದು ಪಾರ್ಟಿಗೆ ಹೋಗೋಕಾಗಲ್ಲ, ಟ್ಯಾಗ್ ಕಿತ್ರೆ ರಿಟರ್ನ್ ಇಲ್ಲ. ನಾನು ಅದನ್ನೇ ನಮ್ಮ ಸೀರೆಗೆ ಮಾಡಿದೆ. 2,000 ಮೇಲಿನ ಸೀರೆಗೆ ಸೆರಗಲ್ಲಿ, ಭುಜದ ಮೇಲೆ ಪಿನ್ ಹಾಕೋ ಜಾಗಕ್ಕೆ ಸರಿಯಾಗಿ ಒಂದು ಕೆಂಪು ಲಾಕ್ ಟ್ಯಾಗ್, ಮೇಲೆ "ಇದು ಇದ್ದರೆ ಮಾತ್ರ ಎಕ್ಸ್‌ಚೇಂಜ್" ಅಂತ ಅಚ್ಚು. ಬಂಗಾರದ ಬಣ್ಣದ ಟ್ಯಾಗ್ ಹಾಕಬೇಡಿ, ಅದು ಜರಿ ಜೊತೆ ಸೇರ್ಕೊಂಡು ಕಾಣಲ್ಲ, ನಾನು ಮಾಡಿ ಅನುಭವಿಸಿದೀನಿ. ಲಕ್ಷ್ಮಿಗೆ ಉಡಿಸೋರು ಟ್ಯಾಗ್ ಹಿಂದೆ ಮಡಚಿ ಉಡಿಸ್ತಾರೆ ನಿಜ, ಅದಕ್ಕೆ ನೆರಿಗೆ ಭಾಗದ ಪಿನ್ ತೂತು ನೋಡ್ಬೇಕು. ಬೆಳಕಿಗೆ ಹಿಡಿದು ನೋಡಿ, ಸೂಜಿ ತೂತು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಅಂಗಡಿ ಮಡಿಕೆಗೂ ಮನೆ ಮಡಿಕೆಗೂ ವ್ಯತ್ಯಾಸ ಗೊತ್ತಾಗುತ್ತೆ, ಅಂಗಡಿದು ಗೆರೆ ಎಳೆದ ಹಾಗಿರುತ್ತೆ. ಮೂಗನ್ನೂ ಬಳಸಿ, ಬೆವರು, ಸೆಂಟು, ಮಲ್ಲಿಗೆ ಇವು ಎರಡು ದಿನಕ್ಕೆ ಹೋಗಲ್ಲ.

ಪಾರ್ಸೆಲ್ ವ್ಯಾಪಾರದಲ್ಲಿ ಇನ್ನೊಂದು ಆಟ ಇದೆ, ಹೊಸ ಸೀರೆ ಇಟ್ಕೊಂಡು ಅದೇ ಬಣ್ಣದ ಹಳೇದು ವಾಪಸ್ ಕಳಿಸೋದು. ಇದಕ್ಕೆ ಪ್ರತಿ ಪೀಸಿಗೂ ನಂಬರ್ ಕೊಟ್ಟು ಬಿಲ್ಲಲ್ಲಿ ಬರೀರಿ, ಅಂಚಿನ ಮೂಲೇಲಿ ಯುವಿ ಪೆನ್ನಲ್ಲಿ ಅದೇ ನಂಬರ್ ಹಾಕಿ, ಕಣ್ಣಿಗೆ ಕಾಣಲ್ಲ, ನೋಟು ನೋಡೋ ಲೈಟಲ್ಲಿ ಕಾಣುತ್ತೆ. ರೇಷ್ಮೆಗೆ ಹಾಕೋ ಮುಂಚೆ ಒಂದು ತುಂಡಿನ ಮೇಲೆ ಹಾಕಿ ಕಲೆ ಆಗುತ್ತಾ ನೋಡ್ಕೊಳ್ಳಿ. ಪ್ಯಾಕ್ ಮಾಡುವಾಗ ತೂಕದ ಫೋಟೋ ಇಟ್ಕೊಳ್ಳಿ, ವಾಪಸ್ ಬಂದ ಪಾರ್ಸೆಲ್ ಬಿಚ್ಚೋದನ್ನ ಕಟ್ ಇಲ್ಲದೆ ವಿಡಿಯೋ ಮಾಡಿ. ಗಿರಾಕಿ ಹತ್ರ ಅನ್‌ಬಾಕ್ಸಿಂಗ್ ವಿಡಿಯೋ ಕೇಳೋರು ನೀವೂ ಮಾಡ್ಬೇಕಲ್ವಾ.

ದುಡ್ಡಿನ ಬದಲು ಎಕ್ಸ್‌ಚೇಂಜ್ ಅಥವಾ ಆರು ತಿಂಗಳ ಕ್ರೆಡಿಟ್ ನೋಟ್ (ಅಷ್ಟೇ ದುಡ್ಡಿಗೆ ಆಮೇಲೆ ಬೇರೆ ಮಾಲು ತಗೊಳ್ಳೋ ಚೀಟಿ) ಕೊಡಿ, ಡ್ಯಾಮೇಜಿಗೆ ಬಿಟ್ಟು. ಉಟ್ಟು ವಾಪಸ್ ಕೊಡೋರಿಗೆ ಬೇಕಾಗಿರೋದು ದುಡ್ಡು, ನಿಜವಾಗ್ಲೂ ಬಣ್ಣ ಇಷ್ಟ ಆಗದೇ ಇರೋರಿಗೆ ಬೇಕಾಗಿರೋದು ಬೇರೆ ಸೀರೆ. ಎಕ್ಸ್‌ಚೇಂಜ್‌ನ ಮಧ್ಯಾಹ್ನ 12ರಿಂದ 4ರೊಳಗೆ ಇಟ್ರೆ ಸಂಜೆ ಗಿರಾಕಿ ಮುಂದೆ ಮಾತುಕತೆ ಆಗೋದೂ ತಪ್ಪುತ್ತೆ.

ಈಗ ಜನರ ವಿಷ್ಯ. ಜಾಸ್ತಿ ವಾಪಸ್ ಕೊಡೋರೆಲ್ಲ ಕೆಟ್ಟವರಲ್ಲ, ಇಲ್ಲಿ ತುಂಬಾ ಜನ ಎಡವ್ತಾರೆ. ನಮ್ಮಲ್ಲಿ ಒಬ್ರು ಟೀಚರ್ ವರ್ಷಕ್ಕೆ 20 ಸೀರೆ ತಗೊಂಡು 6 ವಾಪಸ್ ಕೊಡ್ತಾರೆ, 14 ಇಟ್ಕೋತಾರೆ, ಅವರು ನನ್ನ ಪಾಲಿಗೆ ದೇವತೆ. ಇನ್ನೊಬ್ರು ನಾಲ್ಕು ತಗೊಂಡು ನಾಲ್ಕೂ ವಾಪಸ್, ಅದೂ ಪ್ರತಿ ಸಲ ಮದುವೆ ಸೀಸನ್ನಲ್ಲಿ. ಆದ್ರಿಂದ ಎಷ್ಟು ವಾಪಸ್ ಬಂತು ಅಂತ ನೋಡಬೇಡಿ, ಅವರ ಮನೇಲಿ ಎಷ್ಟು ಉಳೀತು ಅಂತ ನೋಡಿ. ಫೋನ್ ನಂಬರ್ ಪಕ್ಕ ತಗೊಂಡಿದ್ದು, ಇಟ್ಕೊಂಡಿದ್ದು, ವಾಪಸ್ ಬಂದ ಸ್ಥಿತಿ ಅಂತ ಮೂರು ಕಾಲಂ ಸಾಕು, ಎಕ್ಸೆಲ್ ಬರದಿದ್ರೆ ನೋಟ್‌ಬುಕ್ಕಲ್ಲೇ ಬರೀರಿ.

ನಾಲ್ಕಕ್ಕೆ ನಾಲ್ಕೂ ವಾಪಸ್ ಕೊಟ್ಟೋರು ಐದನೇ ಸಲ ಬಂದಾಗ ನಾನು ಕೂರಿಸಿ ಕಾಫಿ ತರಿಸಿ ಹೇಳ್ದೆ, "ಅಕ್ಕ, ಈ ವರ್ಷ ನಾಲ್ಕು ಸಲ ನಮ್ ಸೀರೆ ನಿಮ್ಗೆ ಹಿಡಿಸ್ಲಿಲ್ಲ. ಇನ್ನೂ ನಾಲ್ಕು ತೋರಿಸ್ತೀನಿ, ಕೂತು ನೋಡಿ, ಆದ್ರೆ ಇನ್ಮುಂದೆ ನಿಮ್ಗೆ ವಾಪಸ್ ಅಂತ ಬಿಲ್ ಹಾಕೋಕಾಗಲ್ಲ." ಅವರು, "ಏನಪ್ಪ, ನಾನೇನು ಉಟ್ಟು ಕೊಟ್ಟಿದೀನಾ?" ಅಂದ್ರು. ನಾನು ಉಟ್ಟಿದೀರಾ ಅಂತ ಒಂದು ಸಲನೂ ಅನ್ಲಿಲ್ಲ, ಅದೇ ಮುಖ್ಯ. ಕಳ್ಳತನ ಹೊರಿಸಬೇಡಿ, ಲೆಕ್ಕ ಮಾತ್ರ ಹೇಳಿ. ಅವತ್ತು ಮುಖ ಊದಿಸ್ಕೊಂಡು ಹೋದ್ರು, ದೀಪಾವಳಿಗೆ ಬಂದು ಒಂದು ಕಾಟನ್ ಸೀರೆ ತಗೊಂಡ್ರು, ಅದು ವಾಪಸ್ ಬರ್ಲಿಲ್ಲ. ಮತ್ತೊಂದು, ಅಂಥವರ ಫೋಟೋ, ನಂಬರ್ ವ್ಯಾಪಾರಸ್ಥರ ಗ್ರೂಪಲ್ಲಿ ಹಾಕೋದು ಬೇಡವೇ ಬೇಡ. ಗಿರಾಕಿ ನಂಬಿ ಕೊಟ್ಟ ಮಾಹಿತಿ ಬೇರೆಯವರಿಗೆ ಹಂಚೋದನ್ನೂ ಅದೇ ಸೆಕ್ಷನ್ 2(47) ಅನುಚಿತ ವ್ಯಾಪಾರ ಅಂತಾನೇ ಹೇಳುತ್ತೆ.

ನೋಟ್‌ಬುಕ್ ಆರು ತಿಂಗಳು ಬರೆದ್ಮೇಲೆ ನಂಗೇ ನಾಚಿಕೆ ಆಯ್ತು, ಯಾಕಂದ್ರೆ ಅರ್ಧಕ್ಕಿಂತ ಜಾಸ್ತಿ ರಿಟರ್ನ್ ನನ್ನದೇ ತಪ್ಪಿಂದ. ಫೋಟೋದಲ್ಲಿ ರಾಮಾ ಗ್ರೀನ್, ಮನೆಗೆ ಹೋದಾಗ ಬಾಟಲ್ ಗ್ರೀನ್. ಒಂದು ಕಂಪನಿ ಕುರ್ತಿ ಎಲ್ ಅಂದ್ರೆ 40, ಇನ್ನೊಂದರದ್ದು 42, ನಾನು ಸುಮ್ನೆ ಎಲ್ ಅಂತ ಬರೀತಿದ್ದೆ. ಫಿಲ್ಟರ್ ತೆಗೆದು ಬಾಗಿಲ ಹತ್ರ ಬಿಸಿಲಲ್ಲಿ ಒಂದು ವಿಡಿಯೋ, ಟೇಪ್ ಇಟ್ಟು ಅಳತೆ ಫೋಟೋ, ಇಷ್ಟಕ್ಕೇ ರಿಟರ್ನ್ ಕಾಣೋ ಹಾಗೆ ಇಳೀತು. ಕಳ್ಳರನ್ನ ಹಿಡಿಯೋ ಮುಂಚೆ ಇದನ್ನ ಮಾಡಿ.

ಕ್ಯಾಶ್ ಆನ್ ಡೆಲಿವರಿ ಇಟ್ಟಿದ್ರೆ 100 ರೂಪಾಯಿ ಅಡ್ವಾನ್ಸ್ ತಗೊಳ್ಳಿ, ಬಾಗಿಲಲ್ಲೇ "ಬೇಡ" ಅನ್ನೋರು ಅಲ್ಲೇ ಉದುರ್ತಾರೆ. ಸೂರತ್ ಪಾರ್ಟಿ ಹತ್ರ ಮಾಲು ತರಿಸೋರು ಡ್ಯಾಮೇಜ್ ಪೀಸಿಗೆ ಜಿ.ಆರ್. (ಗೂಡ್ಸ್ ರಿಟರ್ನ್, ಅಂದ್ರೆ ಮಾಲು ವಾಪಸ್) ಎಷ್ಟು ದಿನದೊಳಗೆ ತಗೋತಾರೆ ಅಂತ ಆರ್ಡರ್ ಮುಂಚೆನೇ ಬರೆಸ್ಕೊಳ್ಳಿ, ಅವರು 15 ದಿನ ಅಂದ್ರೆ ನೀವು ಬೇಲ್ (ಮಾಲಿನ ಮೂಟೆ) ಬಂದ ದಿನವೇ ಎಲ್ಲಾ ಪೀಸ್ ಬಿಚ್ಚಿ ನೋಡ್ಬೇಕು, ಗಿರಾಕಿ ಬಿಚ್ಚಿ ಹೇಳೋವರೆಗೂ ಕಾದ್ರೆ ಆ ನಷ್ಟ ನಿಮ್ಮ ತಲೆ ಮೇಲೆ. ಜಿಎಸ್‌ಟಿ ಇರೋರು ವಾಪಸ್ ಬಂದಿದ್ದಕ್ಕೆ ತೆರಿಗೆ ಲೆಕ್ಕದ ಕ್ರೆಡಿಟ್ ನೋಟನ್ನೂ (ಮಾರಾಟ ಅಷ್ಟು ಕಮ್ಮಿ ಆಯ್ತು ಅನ್ನೋ ದಾಖಲೆ) ಸರಿಯಾಗಿ ಮಾಡಿ. ಹಿಂದಿನ ಹಣಕಾಸು ವರ್ಷದ ಮಾರಾಟದ್ದಾದ್ರೆ ತೆರಿಗೆ ಕಮ್ಮಿ ಮಾಡ್ಕೊಳ್ಳೋಕೆ ನವೆಂಬರ್ 30 ಕೊನೆ, ಆಡಿಟರ್‌ಗೆ ನೀವೇ ನೆನಪಿಸ್ಬೇಕು.

ಹೊಸ ರೂಲ್ ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ ಬೇಡ, ಮುಂದೆ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕ್ಸಿ, ಬಿಲ್ ಕೊಡೋ ಹುಡುಗನ ಬಾಯಲ್ಲೂ ಒಂದು ಸಲ ಹೇಳ್ಸಿ. ಶುರು ಮಾಡೋದು ಆಷಾಢದಲ್ಲಿ ಮಾಡಿ, ಅಂಗಡಿ ಸ್ವಲ್ಪ ಖಾಲಿ ಇರುತ್ತೆ, ಹುಡುಗರು ಕಲೀತಾರೆ, ಗಿರಾಕಿಗಳಿಗೂ ಕಿವಿಗೆ ಬೀಳುತ್ತೆ. ಶ್ರಾವಣ ಬಂದ್ಮೇಲೆ ಶುರು ಮಾಡಿದ್ರೆ ಟ್ಯಾಗ್ ಹಾಕೋಕೂ ಪುರುಸೊತ್ತು ಸಿಗಲ್ಲ.