ಕುಂಡದ ಜೆರೇನಿಯಂ ಯಾವ ಕುಲದ್ದು? ಹೂವು ಸೀಳಿ ಗುರುತಿಸುವ ಬಗೆ

ಬೆಂಗಳೂರಿನ ನರ್ಸರಿಗಳಲ್ಲಿ ಜೆರೇನಿಯಂ ಎಂದು ಮಾರುವ ಕುಂಡದ ಗಿಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪೆಲಾರ್ಗೋನಿಯಂ. ನೀಲಗಿರಿಯಲ್ಲಿ ನೆಲಕ್ಕೆ ಹರಡಿಕೊಂಡು ಪುಟ್ಟ ಹೂ ಬಿಡುವ ಜೆರೇನಿಯಂ ನೇಪಾಲೆನ್ಸ್ ನಿಜವಾದ ಜೆರೇನಿಯಂ. ಎರಡೂ ಜೆರೇನಿಯೇಸಿ ಕುಟುಂಬದವು, ಕುಲ ಬೇರೆ. 1753ರಲ್ಲಿ ಲಿನ್ನೇಯಸ್ ಇವನ್ನೆಲ್ಲ ಜೆರೇನಿಯಂ ಕುಲದಲ್ಲೇ ಇಟ್ಟಿದ್ದರು. 1789ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಪೆಲಾರ್ಗೋನಿಯಂ ಮತ್ತು ಎರೋಡಿಯಂ ಕುಲಗಳನ್ನು ಬೇರ್ಪಡಿಸಿದರು. ತೋಟಗಾರರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಗುರುತಿಸಲು ನಾನು ಎಲೆಯಿಂದ ಶುರು ಮಾಡುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಹೊಸ ಶೇವಿಂಗ್ ಬ್ಲೇಡ್, ಒಂದು ಸೂಜಿ, ಬಿಳಿ ಹಾಳೆ ಇದ್ದರೆ ಸಾಕು. ಒಂದು ಸುತ್ತಿನ ದಳಗಳಿರುವ, ಆಗಷ್ಟೇ ಅರಳಿದ ಹೂ ಬೇಕು. ಜೊತೆಗೆ ನಾಳೆ ಅರಳುವಂಥ ಒಂದು ಮೊಗ್ಗನ್ನೂ ಕಿತ್ತುಕೊಳ್ಳುತ್ತೇನೆ. ಸುತ್ತುಸುತ್ತಾಗಿ ದಳ ತುಂಬಿದ ಹೂಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ, ಅಲ್ಲಿ ಎಣಿಕೆ ತಪ್ಪುತ್ತದೆ.

ಮೊದಲು ತೊಟ್ಟು. ಪೆಲಾರ್ಗೋನಿಯಂನಲ್ಲಿ ಹಿಂಬದಿಯ ಪುಷ್ಪಪತ್ರದ (ದಳಗಳ ಹೊರಗಿರುವ ಹಸಿರು ಎಸಳು) ಬುಡದಿಂದ ಮಕರಂದದ ಕೊಳವೆಯೊಂದು ಹೊರಟು, ತೊಟ್ಟಿಗೆ ಬೆಸೆದುಕೊಂಡೇ ಕೆಳಗಿಳಿಯುತ್ತದೆ. ಹೊರಗಿನಿಂದ ಅದು ತೊಟ್ಟಿನ ಭಾಗದಂತೆಯೇ ಕಾಣುವುದರಿಂದ ಬಹಳ ಜನ ಗಮನಿಸುವುದಿಲ್ಲ. ಕೊಳವೆ ಮುಗಿಯುವಲ್ಲಿ ಸಣ್ಣ ಉಬ್ಬು ಇರುತ್ತದೆ. ಹೂವಿನ ಬುಡಕ್ಕೂ ಆ ಉಬ್ಬಿಗೂ ನಡುವೆ ಅಡ್ಡವಾಗಿ ತೆಳ್ಳಗೆ ಕೊಯ್ದು ಲೆನ್ಸ್ ಹಿಡಿದರೆ ಒಂದು ಪಕ್ಕದಲ್ಲಿ ತೂತು ಕಾಣುತ್ತದೆ. ಜೆರೇನಿಯಂನಲ್ಲಿ ಈ ಕೊಳವೆಯೇ ಇಲ್ಲ. ಬ್ಲೇಡ್ ಮೊಂಡಾಗಿದ್ದರೆ ತೊಟ್ಟು ಜಜ್ಜಿ ತೂತು ಮುಚ್ಚಿಹೋಗುತ್ತದೆ. ಇನ್ನೊಂದು ತಪ್ಪು, ಉಬ್ಬಿನ ಕೆಳಗೆ ಕೊಯ್ಯುವುದು. ಕೆಂಪು ಹೂವಿನ ಸಾಮಾನ್ಯ ಕುಂಡದ ಗಿಡದಲ್ಲಿ ಕೊಳವೆ ಉದ್ದ, ಅದರ ಕೆಳಗಿನ ತೊಟ್ಟು ಗಿಡ್ಡ. ಎಣ್ಣೆಗಾಗಿ ಬೆಳೆಯುವ, ಗುಲಾಬಿ ವಾಸನೆಯ ‘ಎಣ್ಣೆ ಜೆರೇನಿಯಂ’ ಕೂಡ ಪೆಲಾರ್ಗೋನಿಯಂ, ಅದರಲ್ಲಿ ಕೊಳವೆ ಕೆಲವೇ ಮಿಲಿಮೀಟರ್. ಆದ್ದರಿಂದ ಇದರಲ್ಲಿ ಹೂವಿಗೆ ತೀರಾ ಹತ್ತಿರ ಕೊಯ್ಯಬೇಕು.

ಆಮೇಲೆ ಕೇಸರ. ಮೊಗ್ಗಿನ ದಳಗಳನ್ನು ಸೂಜಿಯಿಂದ ಬಿಡಿಸಿ, ಪರಾಗಕೋಶ ಹೊತ್ತ ಎಳೆಗಳನ್ನಷ್ಟೇ ಎಣಿಸುತ್ತೇನೆ. ಜೆರೇನಿಯಂನಲ್ಲಿ ಸಾಮಾನ್ಯವಾಗಿ 10. ಎರೋಡಿಯಂನಲ್ಲಿ 5, ಉಳಿದ 5 ಬಂಜೆ. ಪೆಲಾರ್ಗೋನಿಯಂನಲ್ಲಿ 10 ಎಳೆಗಳ ಪೈಕಿ 2ರಿಂದ 7ರವರೆಗೆ, ಹೆಚ್ಚಾಗಿ 7. ಇದೇ ಕುಟುಂಬದ, ಆಫ್ರಿಕಾದಲ್ಲಿ ಹೆಚ್ಚಾಗಿರುವ ಮಾನ್ಸೋನಿಯಾ ಕುಲದಲ್ಲಿ 15. ಅರಳಿದ ಹೂವಿನಲ್ಲಿ ಪರಾಗಕೋಶ ಬೇಗ ಉದುರುತ್ತದೆ. ಮೊಗ್ಗು ಬೇಕೆಂದದ್ದು ಅದಕ್ಕೇ.

ಕಾಯಿ ಸಿಕ್ಕರೆ ಈ ಕುಟುಂಬದ ಸೊಗಸು ಕಾಣುವುದು ಅಲ್ಲಿಯೇ. ಹಕ್ಕಿಯ ಕೊಕ್ಕಿನಂತೆ ಉದ್ದಕ್ಕೆ ಚಾಚಿದ ಕಾಯಿ ಒಣಗಿದಾಗ ಐದು ಭಾಗಗಳಾಗಿ ಬಿಡಿಸಿಕೊಳ್ಳುತ್ತದೆ, ಪ್ರತಿ ಭಾಗದ ಬೀಜಕ್ಕೂ ಕೊಕ್ಕಿನ ಸೀಳೊಂದು ಬಾಲದಂತೆ ಅಂಟಿರುತ್ತದೆ. ಗ್ರೀಕ್ ಭಾಷೆಯಲ್ಲಿ ಗೆರಾನೋಸ್ ಎಂದರೆ ಕ್ರೌಂಚ, ಪೆಲಾರ್ಗೋಸ್ ಎಂದರೆ ಕೊಕ್ಕರೆ, ಎರೋಡಿಯೋಸ್ ಎಂದರೆ ಬಕ. ಮೂರು ಕುಲಗಳ ಹೆಸರೂ ಹಕ್ಕಿಗಳಿಂದಲೇ ಬಂದವು. ಜೆರೇನಿಯಂನ ಬಹುಪಾಲು ಪ್ರಭೇದಗಳಲ್ಲಿ ಬಾಲ ಬಿಲ್ಲಿನಂತೆ ಮೇಲಕ್ಕೆ ಬಾಗಿ ಬೀಜವನ್ನು ಚಿಮ್ಮಿಸುತ್ತದೆ. ಎರೋಡಿಯಂ, ಪೆಲಾರ್ಗೋನಿಯಂಗಳ ಬಾಲ ಸ್ಕ್ರೂನಂತೆ ತಿರುಚಿಕೊಳ್ಳುತ್ತದೆ. ಒಣಗಿ ತಿರುಚಿದ ಬಾಲದ ಮೇಲೆ ಒಂದು ಹನಿ ನೀರು ಬಿಟ್ಟರೆ ಸುರುಳಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತುತ್ತದೆ. ಎರೋಡಿಯಂ ಬೀಜ ಮಣ್ಣಿನೊಳಗೆ ಕೊರೆದು ಇಳಿಯುವುದು ಈ ಚಲನೆಯಿಂದಲೇ. ಪೆಲಾರ್ಗೋನಿಯಂ ಬಾಲದ ಒಳಬದಿಯ ಗರಿಯಂಥ ಕೂದಲು ಬೀಜವನ್ನು ಗಾಳಿಯಲ್ಲಿ ತೇಲಿಸುತ್ತದೆ.

ಕುಲ ಖಚಿತವಾದ ಮೇಲೆ ಎಲೆ. ಎಲೆಯ ಮೇಲೆ ಕುದುರೆ ಲಾಳದಂಥ ಗಾಢ ಪಟ್ಟಿಯಿದ್ದು ಕಾಂಡ ದಪ್ಪಗಿದ್ದರೆ ಅದು ಜೋನಲ್ ಗುಂಪಿನ ಮಿಶ್ರತಳಿ. ದಕ್ಷಿಣ ಆಫ್ರಿಕಾದ ಪೆಲಾರ್ಗೋನಿಯಂ ಜೋನೇಲ್ ಮತ್ತು ಇನ್‌ಕ್ವಿನಾನ್ಸ್ ಇದರ ಮುಖ್ಯ ಮೂಲ. ಆದರೆ ಎಷ್ಟೋ ಹೊಸ ತಳಿಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ. ಎಲೆ ನುಣುಪಾಗಿ ಮಂದವಾಗಿದ್ದು, ಬಳ್ಳಿ ಜೋತುಬಿದ್ದಿದ್ದರೆ ಪೆಲ್ಟೇಟಮ್ ಗುಂಪು. ಎಣ್ಣೆ ತೆಗೆಯುವ ಗಿಡಕ್ಕೆ ಗ್ರಾವಿಯೋಲೆನ್ಸ್ ಎಂಬ ಹೆಸರು ರೂಢಿಯಲ್ಲಿದ್ದರೂ, ಹೊಲದಲ್ಲಿ ಬೆಳೆಯುವ ಗುಲಾಬಿ ಪರಿಮಳದ ತಳಿ ಕ್ಯಾಪಿಟೇಟಮ್ ಮತ್ತು ರಾಡೆನ್ಸ್ ಎಂಬ ಪೆಲಾರ್ಗೋನಿಯಂ ಪ್ರಭೇದಗಳು ಬೆರೆತ ಮಿಶ್ರತಳಿ. ಇದರಲ್ಲಿ ಕಾಯಿ ಹುಡುಕುತ್ತಾ ಕೂರಬೇಡಿ: ಬೀಜ ಕಟ್ಟುವುದು ತೀರಾ ಅಪರೂಪ, ಸಸಿ ಮಾಡುವುದೇ ಕಡ್ಡಿಯಿಂದ. ಇಲ್ಲಿ ತೊಟ್ಟಿನ ಕೊಳವೆಯೊಂದನ್ನೇ ನಂಬಬೇಕು.