ವೃಷಣದ ಸ್ಲೈಡ್ ಓದುವುದು ಹೇಗೆ

ಮೊದಲು ಸೂಕ್ಷ್ಮದರ್ಶಕದ 10ಎಕ್ಸ್ ಲೆನ್ಸ್‌ನಲ್ಲಿ ಇಡೀ ಸ್ಲೈಡ್ ಓಡಿಸಿ ನೋಡಿ. ಸುಮಾರು 200 ಮೈಕ್ರಾನ್ ಅಗಲದ ದುಂಡು ನಾಳಗಳು ಒತ್ತೊತ್ತಾಗಿ ಕಾಣುತ್ತವೆ. ವೀರ್ಯಾಣು ಹುಟ್ಟುವುದು ಇವುಗಳಲ್ಲೇ. 40ಎಕ್ಸ್‌ಗೆ ಹೋಗಿ ಒಂದು ನಾಳವನ್ನು ಹೊರಗಿನಿಂದ ಒಳಕ್ಕೆ ಓದಿ: ಅಂಚಿಗೆ ಸ್ಪರ್ಮಟೊಗೋನಿಯ (ವೀರ್ಯಾಣುವಿನ ಮೂಲಕೋಶ), ಆಮೇಲೆ ದೊಡ್ಡ ಕೋಶಕೇಂದ್ರದ ಪ್ರೈಮರಿ ಸ್ಪರ್ಮಟೊಸೈಟ್ (ಅದರ ಮುಂದಿನ ಹಂತ), ನಾಳದ ನಡುವಿನ ಪೊಳ್ಳಿನ ಬಳಿ ಸ್ಪರ್ಮಟಿಡ್ (ವೀರ್ಯಾಣುವಾಗಲಿರುವ ಕೋಶ). ಪ್ರೈಮರಿ ಮತ್ತು ಸ್ಪರ್ಮಟಿಡ್ ನಡುವಿನ ಹಂತವಾದ ಸೆಕೆಂಡರಿ ಸ್ಪರ್ಮಟೊಸೈಟ್ ಹುಡುಕುತ್ತಾ ಕೂರಬೇಡಿ; ಬೇಗ ವಿಭಜನೆಯಾಗುವುದರಿಂದ ಅವು ಸಿಗುವುದೇ ಅಪರೂಪ. ಬೆಳೆಯುವ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶದ ಕೋಶಕೇಂದ್ರ ಮಸುಕು, ಅದರೊಳಗಿನ ಚುಕ್ಕೆಯಾದ ನ್ಯೂಕ್ಲಿಯೋಲಸ್ ಮಾತ್ರ ಎದ್ದು ಕಾಣುತ್ತದೆ. ಟೆಸ್ಟೋಸ್ಟಿರೋನ್ ಹಾರ್ಮೋನ್ ತಯಾರಿಸುವ ಲೇಡಿಗ್ ಕೋಶಗಳಿರುವುದು ನಾಳಗಳ ನಡುವೆ, ಗುಂಪಾಗಿ.

ಹೆಚ್ಚಿನವರು ಎಡವುವುದು ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಶೇಖರವಾಗುವ ಸುರುಳಿ ನಾಳ) ಬಳಿ; ಅದನ್ನೇ ವೃಷಣದ ನಾಳವೆಂದುಕೊಳ್ಳುತ್ತಾರೆ. ಅದರ ಒಳಅಂಚು ನುಣುಪು, ಮೇಲೆ ಸ್ಟೀರಿಯೋಸಿಲಿಯಾ ಎಂಬ ಕೂದಲಿನಂಥ ಎಳೆಗಳ ಕುಚ್ಚು, ಪೊಳ್ಳಿನಲ್ಲಿ ವೀರ್ಯಾಣುಗಳ ಮುದ್ದೆ.

ಕೋಶಪದರ ಕುಗ್ಗಿದ್ದರೆ ತಕ್ಷಣ ರೋಗವೆನ್ನಬೇಡಿ. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟ ವೃಷಣ ಹೀಗೆ ಕುಗ್ಗುವುದುಂಟು. ವೃಷಣಕ್ಕೆ ಅದೇ ಕೆಲಸದ ಬೌಯಿನ್ ದ್ರಾವಣವೇ ವಾಸಿ.