ಪ್ರಮಾಣವಚನ ಆಯಿತು, ಮಂತ್ರಿಗಳಿಗೆ ಕೆಲಸ ಕಲಿಸುವುದು ಹೇಗೆ?

ಶಾಲೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ನಮ್ಮ ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಶಾಲಾ ಸಂಸತ್ತಿಗೆ ಒಂದು ಚುನಾವಣೆ ಮುಗಿದಿರುತ್ತದೆ. ನಾಮಪತ್ರ, ಚಿಹ್ನೆ ಹಂಚಿಕೆ, ಎರಡು ದಿನದ ಪ್ರಚಾರ, ಮೊಬೈಲನ್ನೇ ಮತಯಂತ್ರ ಮಾಡಿಕೊಂಡು ಮತದಾನ. ದೇಶದ ಮತದಾರರ ಬೆರಳಿಗೆ 1962ರ ಚುನಾವಣೆಯಿಂದ ಶಾಯಿ ಒದಗಿಸುತ್ತಿರುವುದು ಮೈಸೂರಿನ ಬಣ್ಣದ ಕಾರ್ಖಾನೆ. ಶಾಲೆಯಲ್ಲಿ ಆ ಕೆಲಸ ಮಾರ್ಕರ್ ಪೆನ್ನಿನದು. ಆಮೇಲೆ ಪ್ರಾರ್ಥನೆಯ ಹೊತ್ತಿಗೆ ಪ್ರಮಾಣವಚನ, ಎದೆಗೊಂದು ಬ್ಯಾಡ್ಜು, ವಾಟ್ಸ್‌ಆ್ಯಪ್ ಗುಂಪಿಗೊಂದು ಫೋಟೊ. ಶಾಲಾ ಸಂಸತ್ತು ಉದ್ಘಾಟನೆಯಾದ ದಿನವೇ ಮುಕ್ತಾಯವೂ ಆಗಿಬಿಡುತ್ತದೆ.

ಮಾರನೇ ದಿನದಿಂದ ಆರೋಗ್ಯ ಮಂತ್ರಿ ಸಾಲಿನಲ್ಲಿ ನಿಂತವರ ಉಗುರು ನೋಡುತ್ತಾಳೆ. ಗೃಹ ಮಂತ್ರಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾನೆ, ತನ್ನ ಗೆಳೆಯರ ಹೆಸರು ಬಿಟ್ಟು. ಪ್ರಧಾನಿ ಸ್ಟಾಫ್ ರೂಮಿಗೆ ಚಾಕ್‌ಪೀಸ್ ತಂದುಕೊಡುತ್ತಾನೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಮಂತ್ರಿಯಾದ ಮೇಲೆ ಮಾಡುವುದೇನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಚುನಾವಣೆಗೆ ಮೂರು ದಿನ ಕೊಡುವ ಶಾಲೆ, ಗೆದ್ದವರ ತರಬೇತಿಗೆ ಒಂದು ದಿನ ಕೊಟ್ಟರೆ ಸಾಕು, ಉಳಿದ ವರ್ಷ ಆ ಬ್ಯಾಡ್ಜಿಗೆ ಅರ್ಥ ಬರುತ್ತದೆ. ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಪ್ರೌಢಶಾಲೆಯವರು ಪತ್ರ ಮತ್ತು ನಡಾವಳಿಯ ಭಾಗಕ್ಕೆ ಇನ್ನಷ್ಟು ಹೊತ್ತು ಕೊಡಬಹುದು.

ಮೊದಲು ದಿನ, ಜನ, ಜಾಗ

ಶನಿವಾರ ಬೇಡ. ಬೆಳಗಿನ ಶಾಲೆ, ಹನ್ನೊಂದೂವರೆಯಾದರೆ ಮಕ್ಕಳ ಕಣ್ಣು ಗೇಟಿನ ಕಡೆ. ವಾರದ ಮಧ್ಯದ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಚುನಾವಣೆ ಮುಗಿದು ಹತ್ತು ದಿನದೊಳಗೆ ಆಗಬೇಕು. ಆಮೇಲೆ ಸ್ವಾತಂತ್ರ್ಯ ದಿನದ ಡ್ರಿಲ್ಲು, ಪ್ರತಿಭಾ ಕಾರಂಜಿ, ಹೋಬಳಿ ಮಟ್ಟದ ಕ್ರೀಡಾಕೂಟ ಎಂದು ಒಂದರ ಹಿಂದೆ ಒಂದು ಬರುತ್ತವೆ.

ಗೆದ್ದವರನ್ನಷ್ಟೇ ಕೂರಿಸಿದರೆ ಅರ್ಧ ಶಾಲೆ ಹೊರಗೆ ಉಳಿಯುತ್ತದೆ. ಮಂತ್ರಿಗಳ ಜೊತೆಗೆ ಸಭಾಪತಿ, ವಿರೋಧ ಪಕ್ಷದ ನಾಯಕ ಇರಲಿ. ಕಡಿಮೆ ಮತಗಳಲ್ಲಿ ಸೋತ ಒಂದಿಬ್ಬರು, ನಾಲ್ಕನೇ ತರಗತಿಯಿಂದ ಮೇಲೆ ಪ್ರತಿ ತರಗತಿಯ ಒಬ್ಬ ಹುಡುಗ, ಒಬ್ಬ ಹುಡುಗಿಯೂ ಬರಲಿ. ಒಟ್ಟು ಇಪ್ಪತ್ತೈದು ದಾಟಬಾರದು, ದಾಟಿದರೆ ಹಿಂದಿನ ಸಾಲು ಪ್ರೇಕ್ಷಕರಾಗುತ್ತದೆ. ಬೆಂಚು ತೆಗೆಸಿ ಜಮಖಾನ ಹಾಸಿ ವೃತ್ತವಾಗಿ ಕೂರಿಸಿ. ಮೇಷ್ಟ್ರೂ ಕೆಳಗೇ ಕೂರಬೇಕು. ಸಾಮಾನು ಹೆಚ್ಚೇನಿಲ್ಲ: ನಾಲ್ಕೈದು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಒಂದು ಗಡಿಯಾರ, ದಪ್ಪ ರಟ್ಟಿನ ಉದ್ದ ನೋಟ್‌ಬುಕ್ ಒಂದು.

ಒಂದು ಷರತ್ತು: ಉದ್ಘಾಟನಾ ಭಾಷಣ ಇಲ್ಲ. ಅತಿಥಿಗಳನ್ನು ಕರೆಯಲೇಬೇಕಿದ್ದರೆ ಸಂಜೆಗೆ ಕರೆಯಿರಿ, ಅದೂ ಕೇಳಿಸಿಕೊಳ್ಳುವುದಕ್ಕೆ.

ಹತ್ತು ಗಂಟೆ: ಮಂತ್ರಿ ಅಂದರೆ ಯಾರು?

ಉತ್ತರಗಳು ನಗು ಬರಿಸುತ್ತವೆ. ಕಾರಿನಲ್ಲಿ ಬರುವವರು, ಹಾರ ಹಾಕಿಸಿಕೊಳ್ಳುವವರು, ಹಿಂದೆ ಪೊಲೀಸರು ಇರುವವರು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ, ತಿದ್ದಬೇಡಿ. ಬಳಿಕ ಎರಡನೇ ಪ್ರಶ್ನೆ: ಹೋದ ವರ್ಷದ ಮಂತ್ರಿಗಳಿಂದ ನಿಮ್ಮ ತರಗತಿಗೆ ಏನು ಸಿಕ್ಕಿತು? ಸಾಮಾನ್ಯವಾಗಿ ಇಲ್ಲಿ ಮೌನ. ಆ ಮೌನವನ್ನು ನೀವೇ ಮಾತಾಡಿ ತುಂಬಬೇಡಿ. ಯಾರಾದರೂ ಒಬ್ಬರು, ಹೆಚ್ಚಾಗಿ ಸೋತ ಅಭ್ಯರ್ಥಿ, 'ಏನೂ ಇಲ್ಲ ಮಿಸ್' ಅನ್ನುತ್ತಾರೆ. ಅಲ್ಲಿಂದ ದಿನ ಶುರು.

ಇದಕ್ಕೆ ಅರ್ಧ ಗಂಟೆ ಸಾಕು.

ಮೂರು ಹಾಳೆಯ ಕೆಲಸ

ಇಡೀ ದಿನದಲ್ಲಿ ಒಂದನ್ನೇ ಮಾಡಲು ಸಮಯವಿದೆ ಎಂದಾದರೆ ಇದನ್ನು ಮಾಡಿ. ಗೋಡೆಗೆ ಮೂರು ಡ್ರಾಯಿಂಗ್ ಶೀಟು ಅಂಟಿಸಿ ಮೇಲೆ ಹೀಗೆ ಬರೆಯಿರಿ: 'ನಾವೇ ಮಾಡುತ್ತೇವೆ', 'ಕೇಳಿ ಮಾಡಿಸುತ್ತೇವೆ', 'ನಾವು ಕೈ ಹಾಕುವುದಿಲ್ಲ'. ಶಾಲೆಯ ಇಪ್ಪತ್ತು ಕೆಲಸಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಂಡಿರಿ. ಒಬ್ಬೊಬ್ಬರೇ ಚೀಟಿ ಎತ್ತಿ, ಗಟ್ಟಿಯಾಗಿ ಓದಿ, ಯಾವ ಹಾಳೆಗೆ ಎಂದು ಹೇಳಬೇಕು. ಉಳಿದವರು ಒಪ್ಪಬೇಕು ಅಥವಾ ವಾದಿಸಬೇಕು.

ಗ್ರಂಥಾಲಯದ ಪುಸ್ತಕ ಕೊಟ್ಟು ಬರೆದುಕೊಳ್ಳುವುದು, ಗಿಡಕ್ಕೆ ನೀರಿನ ಸರದಿ, ಆಟದ ಸಾಮಾನಿನ ಲೆಕ್ಕ ಮೊದಲನೆಯದಕ್ಕೆ ಸಲೀಸಾಗಿ ಹೋಗುತ್ತವೆ. ಕೆಟ್ಟ ನಲ್ಲಿ, ಒಡೆದ ಹೆಂಚು, ಶಾಲೆ ಮುಂದಿನ ರಸ್ತೆಯ ಹಂಪು ಎರಡನೆಯದಕ್ಕೆ. ಜಟಾಪಟಿ ಶುರುವಾಗುವುದು ಮೂರನೆಯದರಲ್ಲಿ. 'ಮನೆಕೆಲಸ ಮಾಡದವರಿಗೆ ಶಿಕ್ಷೆ ಕೊಡುವುದು' ಎಂಬ ಚೀಟಿ ಬಂದಾಗ ಗೃಹ ಮಂತ್ರಿ ಅದನ್ನು ಸಂತೋಷದಿಂದ ಮೊದಲ ಹಾಳೆಗೆ ಅಂಟಿಸಲು ಎದ್ದಿರುತ್ತಾನೆ. ಅವನನ್ನು ಗದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ ಎಂದು ತಿಳಿಸಿ. ಮೇಷ್ಟ್ರಿಗೇ ಇಲ್ಲದ ಅಧಿಕಾರ ಮಂತ್ರಿಗೆ ಬರುವುದೆಲ್ಲಿಂದ? ತರಗತಿಯಲ್ಲಿ ಬೆತ್ತ ಇಟ್ಟುಕೊಂಡಿರುವ ಮೇಷ್ಟ್ರಿಗೆ ಈ ಘಟ್ಟದಲ್ಲಿ ಸ್ವಲ್ಪ ಮುಜುಗರವಾಗುತ್ತದೆ. ಆಗಲಿ.

ಇನ್ನೊಂದು ಬಗೆಯ ಚೀಟಿ ತಪ್ಪದೆ ಇರಬೇಕು: 'ಒಬ್ಬಳು ಗೆಳತಿ ಬಂದು, ಮನೆಯಲ್ಲಿ ನನಗೆ ಮದುವೆ ಮಾತಾಡುತ್ತಿದ್ದಾರೆ ಅಂದಳು', 'ಯಾರೋ ಮೈ ಮುಟ್ಟುತ್ತಾರೆ ಅಂದಳು'. ಇಂಥದ್ದನ್ನು ಹನ್ನೆರಡು ವರ್ಷದ ಮಂತ್ರಿ ಬಗೆಹರಿಸಲು ಹೋಗಬಾರದು, ಸಭೆಯಲ್ಲಿ ಹೆಸರು ಹಿಡಿದು ಎತ್ತಲೂ ಬಾರದು. ಮಾಡಬೇಕಾದದ್ದು ಎರಡೇ: ಅದೇ ದಿನ, ನಂಬಿಕೆಯಿರುವ ಒಬ್ಬ ಶಿಕ್ಷಕರಿಗೆ ಹೇಳುವುದು, ಬೇರೆ ಯಾರಿಗೂ ಹೇಳದಿರುವುದು. ಶಿಕ್ಷಕರಿಗೆ ಹೇಳಲು ಆಗದಿದ್ದರೆ 1098, ಮಕ್ಕಳ ಸಹಾಯವಾಣಿ, ಉಚಿತ ಕರೆ. ಆ ಸಂಖ್ಯೆಯನ್ನು ಮೂರನೇ ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಬರೆಸಿ. ಸಂಜೆ ಉಳಿದ ಹಾಳೆ ತೆಗೆದರೂ ಇದೊಂದು ಗೋಡೆಯ ಮೇಲೇ ಇರಲಿ.

ಹನ್ನೊಂದೂವರೆ: ಶಾಲೆ ಸುತ್ತುವುದು

ನಾಲ್ಕು ಗುಂಪು, ಗುಂಪಿಗೊಂದು ನೋಟ್‌ಬುಕ್, ಮುಕ್ಕಾಲು ಗಂಟೆ. ನಿಯಮ ಒಂದೇ. 'ಸರಿಯಿಲ್ಲ' ಎಂದು ಬರೆಯುವ ಹಾಗಿಲ್ಲ; ಕಣ್ಣಿಗೆ ಕಂಡದ್ದನ್ನು ಎಣಿಸಿ, ಅಳೆದು ಬರೆಯಬೇಕು. 'ಶೌಚಾಲಯ ಸರಿಯಿಲ್ಲ' ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಹುಡುಗಿಯರ ಶೌಚಾಲಯ ಮೂರು, ಒಂದಕ್ಕೆ ಒಳಗಿನ ಚಿಲಕ ಇಲ್ಲ, ಒಂದರಲ್ಲಿ ಬಕೆಟ್ ಇಲ್ಲ' ಎಂದರೆ ಮೇಷ್ಟ್ರು ಅಂಗಡಿಗೆ ಹೋಗಿ ಚಿಲಕ ತರಬಹುದು. ಈ ಪಟ್ಟಿಯನ್ನು ಹುಡುಗಿಯರೇ ಮಾಡಲಿ. ಹುಡುಗರು ಹೊರಗಿನಿಂದ ನೋಡಿ 'ಎಲ್ಲಾ ಚೆನ್ನಾಗಿದೆ' ಎಂದು ಬರೆದ ಪಟ್ಟಿಗಳನ್ನು ಬೇಕಾದಷ್ಟು ಓದಿದ್ದೇನೆ.

ಸೋರುವ ನಲ್ಲಿಗೆ ಬಾಟಲಿ ಮತ್ತು ಗಡಿಯಾರ. ಹತ್ತು ನಿಮಿಷಕ್ಕೆ ಒಂದು ಲೀಟರ್ ತುಂಬಿದರೆ ಗಂಟೆಗೆ 6 ಲೀಟರ್, ದಿನಕ್ಕೆ 144 ಲೀಟರ್. ನೀರಾವರಿ ಮಂತ್ರಿಯೇ ಬೋರ್ಡಿನ ಮೇಲೆ ಗುಣಿಸಿ ತೋರಿಸಲಿ. ಗಣಿತದ ಮೇಷ್ಟ್ರೂ ಖುಷಿಪಡುತ್ತಾರೆ.

ಊಟದ ಹೊತ್ತು ತರಬೇತಿಯೇ

ಬಿಸಿಯೂಟದ ಬಿಡುವನ್ನು ಬಿಡುವೆಂದೇ ಬಿಡಬೇಡಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದೆಯಲ್ಲ, ಆಹಾರ ಮಂತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸಾಂಬಾರಿನಲ್ಲಿ ತರಕಾರಿ ಎಷ್ಟಿದೆ, ಸಣ್ಣ ಮಕ್ಕಳಿಗೆ ಖಾರ ಹೆಚ್ಚಾಯಿತೇ, ತಟ್ಟೆಯಲ್ಲಿ ಬಿಟ್ಟದ್ದೆಷ್ಟು. ಆದರೆ ಅಡುಗೆಯವರ ಹತ್ತಿರ ಮಾತಾಡುವ ಬಗೆಯನ್ನು ಮೊದಲು ಹೇಳಿಕೊಡಿ. 'ಅಕ್ಕ, ಒಂದನೇ ಕ್ಲಾಸಿನವರಿಗೆ ಖಾರ ಆಗ್ತಿದೆಯಂತೆ, ಅವರಿಗೆ ಸ್ವಲ್ಪ ಬೇಳೆ ಬೇರೆ ತೆಗೆದಿಡೋಕೆ ಆಗುತ್ತಾ?' ಎಂದು ಕೇಳುವವಳು ಮಂತ್ರಿ. 'ಸಾಂಬಾರ್ ಚೆನ್ನಾಗಿಲ್ಲ, ಸರ್‌ಗೆ ಹೇಳ್ತೀನಿ' ಎನ್ನುವವಳ ಮಾತನ್ನು ನಾಳೆಯಿಂದ ಅಡುಗೆಮನೆಯಲ್ಲಿ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟು ಬರುವ, ಕಡಿಮೆ ಸಂಬಳದ ಹೆಂಗಸರು ಅವರು. ಹುಡುಗಿಯ ಬ್ಯಾಡ್ಜು ಅವರ ಮೇಲೆ ಅಧಿಕಾರ ಚಲಾಯಿಸಲು ಬಳಕೆಯಾಗಬಾರದು.

ಒಂದೂಮುಕ್ಕಾಲು: ಒಂದು ಸಭೆ ನಡೆಸಿ ನೋಡುವುದು

ಊಟದ ನಂತರ ತೂಕಡಿಕೆ. ಹಾಗಾಗಿ ಈ ಹೊತ್ತಿಗೆ ಅಭಿನಯ. ಬೆಳಿಗ್ಗೆ ಬರೆದ ಪಟ್ಟಿಯಿಂದ ಒಂದೇ ವಿಷಯ ಆರಿಸಿ. ಉದಾಹರಣೆಗೆ, ಊಟದ ನಂತರ ತಟ್ಟೆ ತೊಳೆಯುವಾಗಿನ ನೂಕಾಟ. ಸಭಾಪತಿಯ ಕೈಗೊಂದು ಡಸ್ಟರ್ ಕೊಡಿ. ಡಸ್ಟರ್ ಯಾರ ಕೈಗೆ ಹೋಗುತ್ತದೋ ಅವರಷ್ಟೇ ಮಾತಾಡಬೇಕು, ಮಾತು ಮುಗಿದ ಮೇಲೆ ಅದು ಮರಳಿ ಸಭಾಪತಿಗೆ.

ಮೊದಲ ಸುತ್ತು ಗದ್ದಲವೇ. ಎಂಟನೆಯವರು ನಾಲ್ಕನೆಯವರನ್ನು ದೂರುತ್ತಾರೆ, ನಾಲ್ಕನೆಯ ಹುಡುಗಿ ನೆಲ ನೋಡುತ್ತಾ ಕೂತಿರುತ್ತಾಳೆ. ನಿಲ್ಲಿಸಿ ಸಭಾಪತಿಗೆ ಒಂದೇ ಸೂಚನೆ ಕೊಡಿ: ಎಲ್ಲರಿಗಿಂತ ಚಿಕ್ಕವರಿಂದ ಶುರು ಮಾಡು. ಎರಡನೇ ಸುತ್ತಿನಲ್ಲಿ ಆ ಹುಡುಗಿಯ ಕೈಗೆ ಡಸ್ಟರ್ ಹೋಗುತ್ತದೆ. 'ನಮಗೆ ನಲ್ಲಿ ಎಟುಕಲ್ಲ. ಅದಕ್ಕೆ ಲೇಟಾಗುತ್ತೆ.' ಇಷ್ಟು ಹೊತ್ತು ಶಿಸ್ತಿನ ವಿಷಯವಾಗಿದ್ದದ್ದು ಈಗ ಎತ್ತರದ ವಿಷಯ. ಒಂದು ಇಟ್ಟಿಗೆಯ ಕಟ್ಟೆ, ಇಲ್ಲವೇ ಚಿಕ್ಕವರಿಗೆ ಮೊದಲ ಹತ್ತು ನಿಮಿಷ. ಪರಿಹಾರವನ್ನು ಮಕ್ಕಳೇ ಹೇಳುತ್ತಾರೆ, ನೀವು ತುಟಿ ಬಿಗಿಹಿಡಿದು ಕೂತರೆ.

ವಿರೋಧ ಪಕ್ಷದ ನಾಯಕನಿಗೂ ಕೆಲಸ ಇರಲಿ: ಹೋದ ಸಭೆಯಲ್ಲಿ ಒಪ್ಪಿಕೊಂಡದ್ದು ಆಯಿತೇ ಎಂದು ಪ್ರತಿ ಸಭೆಯ ಆರಂಭದಲ್ಲಿ ಕೇಳುವುದು. ಟಿ.ವಿ. ನೋಡಿ ಕಲಿತವರು ಸದನದ ಬಾವಿಗಿಳಿದು ಧರಣಿ ಮಾಡಲು ತಯಾರಾಗಿರುತ್ತಾರೆ. ಅದನ್ನೂ ಒಂದು ಸಲ ಮಾಡಿಸಿ ನಗಿಸಿ, ಆಮೇಲೆ ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಸಿ.

ನಡಾವಳಿ ಪುಸ್ತಕ

ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಕಲಂ: ವಿಷಯ, ತೀರ್ಮಾನ, ಯಾರು, ಯಾವತ್ತಿನೊಳಗೆ. ಮೇಲೆ ತಾರೀಖು, ಹಾಜರಿದ್ದವರ ಸಹಿ. 'ಚರ್ಚಿಸಲಾಯಿತು' ಎಂಬ ಪದವನ್ನು ಈ ಪುಸ್ತಕದಿಂದ ಬಹಿಷ್ಕರಿಸಿ. ದೊಡ್ಡವರ ನಡಾವಳಿಗಳಲ್ಲಿ ಕೆಲಸಗಳು ಸಾಯುವುದು ಆ ಪದದ ಕೆಳಗೇ. ಕಾಗುಣಿತ ತಪ್ಪಾದರೆ ಆಗಲಿ, ಮೂರನೇ ಕಲಂ ಖಾಲಿ ಬಿಡುವಂತಿಲ್ಲ. 'ಎಲ್ಲರೂ' ಎಂದು ಬರೆಯುವಂತೆಯೂ ಇಲ್ಲ.

ಎರಡೂಮುಕ್ಕಾಲು: ಒಂದು ಪತ್ರ

ಎರಡನೇ ಹಾಳೆಯ ಒಂದು ಕೆಲಸ ಆರಿಸಿ ಪತ್ರ ಬರೆಸಿ. ಚಿಲಕದಂಥದ್ದು ಮುಖ್ಯ ಶಿಕ್ಷಕರಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ. ರಸ್ತೆ, ಚರಂಡಿ, ಕುಡಿಯುವ ನೀರು ಪಂಚಾಯಿತಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಹೆಸರಿಗೆ. 'ಇಂದ', 'ಗೆ', ವಿಷಯ, ಮಾನ್ಯರೇ ಎಂಬ ಚೌಕಟ್ಟು ಪಠ್ಯದಲ್ಲೇ ಇದೆ. ಪರೀಕ್ಷೆಗೆ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಪತ್ರಕ್ಕೆ ಒಂದೇ ಬೇಡಿಕೆ. ಅಳತೆ, ಎಣಿಕೆ ಇರಲಿ. ಎರಡು ಪ್ರತಿ ಮಾಡಿಸಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ 'ಸ್ವೀಕರಿಸಿದೆ' ಎಂದು ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳುವುದನ್ನು ಕಲಿಸಿ. ಈ ಒಂದು ಅಭ್ಯಾಸ ಗೊತ್ತಿಲ್ಲದೆ ಕಚೇರಿಗಳಿಗೆ ಅಲೆಯುವ ದೊಡ್ಡವರು ಊರ ತುಂಬ ಇದ್ದಾರೆ.

ಪತ್ರಗಳಿಗೆ ಹೋಗಿ ಸೇರುವ ಜಾಗವೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಸಾಮಾನ್ಯವಾಗಿ ನವೆಂಬರಿನ ಆಸುಪಾಸಿನಲ್ಲಿ. ಅಲ್ಲಿ ಮೈಕ್ ಹಿಡಿದ ಮಗು ಬಾಯಿಪಾಠದ ಭಾಷಣ ಒಪ್ಪಿಸಿ ಬರುವ ಬದಲು ಜುಲೈಯಲ್ಲಿ ಕೊಟ್ಟ ಪತ್ರದ ಪ್ರತಿ ಹಿಡಿದು 'ಇದು ಏನಾಯಿತು?' ಎಂದು ಕೇಳಿದರೆ ಸಭೆಯ ಬಣ್ಣವೇ ಬೇರೆ. ಕುಂದಾಪುರ ತಾಲ್ಲೂಕಿನ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡಿದ್ದವು; ಮಕ್ಕಳಿಗೆ ಇದು ಮೀರಿದ ಮಾತು ಎನ್ನುವವರಿಗೆ ಅದನ್ನು ನೆನಪಿಸಬಹುದು.

ಮೂರೂವರೆ: ದೊಡ್ಡವರು ಬರಲಿ

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯ ಇಬ್ಬರು ಮೂವರು, ಸಾಧ್ಯವಾದರೆ ವಾರ್ಡಿನ ಪಂಚಾಯಿತಿ ಸದಸ್ಯರು. ಮಕ್ಕಳು ಮೂರು ಹಾಳೆ ಓದುತ್ತಾರೆ, ಪತ್ರ ಕೊಡುತ್ತಾರೆ, ದೊಡ್ಡವರು ಉತ್ತರಿಸುತ್ತಾರೆ. ಉತ್ತರಕ್ಕೆ ಮೂರೇ ಆಯ್ಕೆ ಎಂದು ಅವರಿಗೆ ಮೊದಲೇ ತಿಳಿಸಿರಿ: ಇಂಥ ದಿನದೊಳಗೆ ಮಾಡುತ್ತೇವೆ; ಆಗುವುದಿಲ್ಲ, ಕಾರಣ ಇದು; ವಿಚಾರಿಸಿ ಇಂಥ ದಿನ ಹೇಳುತ್ತೇವೆ. 'ನೋಡೋಣ' ಆಯ್ಕೆಯಲ್ಲಿ ಇಲ್ಲ.

ಯಾರಾದರೂ 'ಪಾಠ ಬಿಟ್ಟು ಇದೆಲ್ಲ ಯಾಕೆ?' ಅನ್ನುವುದು ಖಂಡಿತ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ, ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕೆಂದು ಅದರ 12ನೇ ವಿಧಿ ಹೇಳುತ್ತದೆ ಎಂದು ತಿಳಿಸಬಹುದು. ನನ್ನ ಅನುಭವದಲ್ಲಿ ಅದಕ್ಕಿಂತ ಬೇಗ ನಾಟುವುದು 144 ಲೀಟರ್ ನೀರಿನ ಲೆಕ್ಕ.

ಆಮೇಲೆ

ಎದ್ದು ಹೋಗುವ ಮೊದಲು ಮುಂದಿನ ಸಭೆಯ ದಿನ ಗೊತ್ತು ಮಾಡಿ. ತಿಂಗಳಿಗೊಮ್ಮೆ, ಒಂದು ಪಿರಿಯಡ್ ಸಾಕು. ವೇಳಾಪಟ್ಟಿಯಲ್ಲೇ ಅದಕ್ಕೆ ಜಾಗ ಇರಬೇಕು, ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ. ಸಭೆಯಲ್ಲಿ ಶಿಕ್ಷಕರು ಒಬ್ಬರೇ ಇರಲಿ, ಮೂಲೆಯಲ್ಲಿ. ತೀರ್ಮಾನಗಳನ್ನು ಮರುದಿನ ಪ್ರಾರ್ಥನೆಯಲ್ಲಿ ವಾರ್ತೆಯ ಜೊತೆ ಓದಿಸಿ, ಆಗದೇ ಉಳಿದದ್ದನ್ನೂ ಸೇರಿಸಿ.

ನಡಾವಳಿ ಪುಸ್ತಕವನ್ನು ಉಸ್ತುವಾರಿ ಶಿಕ್ಷಕರು ತಮ್ಮ ಬೀರುವಿನಲ್ಲಿ ಬೀಗ ಹಾಕಿ ಇಡದಿರಲಿ. ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ಅದೂ ಒಂದು ವಸ್ತುವಾಗಿ ಸೇರಲಿ; ಮುಂದಿನ ಜೂನ್‌ನಲ್ಲಿ ಹೊಸ ಮಂತ್ರಿಗಳ ತರಬೇತಿಯನ್ನು ಆ ಪುಸ್ತಕದಲ್ಲಿ ಆಗದೇ ಉಳಿದ ಕೆಲಸಗಳಿಂದಲೇ ಆರಂಭಿಸಬಹುದು.